ಬುಡ, ತುದಿ

ಭಾಗ್ಯನಗರದಾಗ ಯಾರ ಮನಿ ಬಾಗಿಲಾ ಬಡದರೂ
ಒಳಗ ಕೂದಲಾ ಇರತಾವ.
ನಮ್ಮ ಪಡಸಾಲ್ಯಾಗ ನಲವತ್ತು ಕಿಲೋ,
ಯಾವೂರಿನವೋ, ಯಾರ ತಲಿಯವೋ,
ಬಾಚಣಿಕಿಗೆ ಹತ್ತಿ ಉಂಡಿಯಾಗಿ
ಸ್ಟೀಲ್ ಡಬ್ಬಿಗೆ ಬದಲಾಗಿ ಚೀಲ ಸೇರಿದವು.
ಮೊಳಿ ಹಲಗಿ ಮುಂದ ಕುಂತು
ಸಿಕ್ಕು ಬಿಡಸೂದು ನನ್ನ ಕೆಲಸ.
ಎಂಟಿಂಚು ಒಂದ್ ಕಡಿ, ಹನ್ನೆರಡು ಒಂದ್ ಕಡಿ,
ಹದಿನೆಂಟು ಸಿಕ್ಕರ ಆ ದಿನ ಚಾ ಎರಡು ಸಲ.

ಕಣ್ಣು ಮುಚ್ಚಿ ಹೇಳತೀನಿ ಯಾವುದು ಬುಡ, ಯಾವುದು ತುದಿ.
ಬುಡದಿಂದ ಸವರಿದರ ಬೆರಳು ಜಾರತೈತಿ,
ತುದಿಯಿಂದ ಬಂದರ ತಡೀತೈತಿ.

ಅವತ್ತು ಬುಧವಾರ, ನಳಾ ಬರೂ ದಿನ.
ಬಂದವರು ಇಬ್ಬರು. ಅವನ ಕೊರಳಾಗ ಫೋಟೋ ಇದ್ದ ಕಾರ್ಡು,
ಹಿಂದ ಒಂದು ಹುಡುಗಿ, ಹೆರಳು ಮೊಣಕಾಲಿಗೆ.
"ಯಕ್ಕಾರ, ಒಂದು ಲೋಟ ನೀರು ಕೊಡ್ರಿ" ಅಂದ.
ನೀರು ಕೊಟ್ಟ ಮ್ಯಾಲ ಕುಂದ್ರಬ್ಯಾಡ ಅನ್ನಾಕ ಬರೂದಿಲ್ಲ.
ಅದು ಅವನಿಗೂ ಗೊತ್ತಿತ್ತು.

ಹಸರು ಬಾಟ್ಲಿ. ಕಾಡಿನ ಬೇರು, ಮೂವತ್ತೆರಡು ಥರ.
"ಅಂಗಡ್ಯಾಗ ಸಿಗೂದಿಲ್ಲ, ಇವತ್ತೊಂದ ದಿನ,
ಹದಿನೆಂಟು ನೂರರ ಮಾಲು ನಿಮಗ ಸಾವಿರದ ಇನ್ನೂರು.
ಈಕೀನ್ನ ನೋಡ್ರಿ, ಎರಡು ವರ್ಷದ ಹಿಂದ ತಲಿ ಬೋಳು."
ಹುಡುಗಿ ತಿರುಗಿ ನಿಂತಳು, ಕಲಿಸಿದಂಗ.

ಗಾಳೆಮ್ಮ ಅಷ್ಟೊತ್ತಿಗೆ ಬಂದು ಕುಂತಿದ್ದಳು
ಮಗಳ ಕೈ ಹಿಡಕೊಂಡು. ಟೈಫಾಯಿಡ್ ಆಗಿ
ಅಂಬಿಕಾನ ನಡುನೆತ್ತಿ ಕಾಣತಿತ್ತು,
ಮನಿಯೊಳಗೂ ತಲಿಮ್ಯಾಲಿನ ವೇಲು ತಗೀತಿದ್ದಿಲ್ಲ.
ಮುಂದಿನ ತಿಂಗಳು ಗಂಗಾವತಿಯಿಂದ ನೋಡಾಕ ಬರೂವರಿದ್ದರು.

"ಮುಟ್ಟಿ ನೋಡ್ರಿ ಬೇಕಾದರ" ಅಂದ.
ಮುಟ್ಟಿದೆ.
ಹೆರಳಿನ ಹೊಟ್ಟಿಯೊಳಗ ಬೆರಳು ಹೋಗೂದಕ್ಕೂ ಸಿಕ್ಕಿತು:
ಒಂದೆಳಿ ಜಾರತೈತಿ, ಒಂದೆಳಿ ತಡೀತೈತಿ.
ಬುಡ ತುದಿ ಕಲಸಿದ ಮಾಲು. ಮಷಿನ್ ಹೊಲಿಗಿ.
ಕೆಳಗ ನೋಡಿದರ ಕತ್ತರಿ ಇಟ್ಟಂಗ ಸಮ.
ತಲಿಮ್ಯಾಲ ಬೆಳದವು ಹೋಗತಾ ಹೋಗತಾ ಸಣ್ಣ ಆಗತಾವ,
ವಾರದ ಪಗಾರದಂಗ.
ನಮ್ಮ ಓಣ್ಯಾಗ ಹೊಲದದ್ದೂ ಇರಬಹುದು,
ನಾನ ಬಿಡಿಸಿದ ಸಿಕ್ಕೂ ಇರಬಹುದು.

ಹುಡುಗಿ ಕುತ್ತಿಗಿ ಬಿಗಿ ಹಿಡಿದಳು.
ಕಿವಿ ಹಿಂದ ಪಿನ್ನು, ಪಿನ್ನಿನ ಸುತ್ತ ಹುಣ್ಣು,
ಬೆವರಿಗೆ ಕೆಂಪಾಗಿತ್ತು. ತಿರುಗಿ ನನ್ನ ನೋಡಿದಳು.
ಅಂಬಿಕಾನ ವಯಸ್ಸು.
ಕೈ ತಗದೆ.
"ಛಲೋ ಅದಾವ" ಅಂದೆ.

ಅಷ್ಟ ನಾ ಅಂದದ್ದು. ಎರಡು ಶಬ್ದ.
ಗಾಳೆಮ್ಮ ಸಂಘದ ಕಂತಿಗೆ ಇಟ್ಟ ರೊಕ್ಕ ತಂದು
ಎರಡು ಬಾಟ್ಲಿ ತಗೊಂಡಳು.
"ಹುಲಿಗೆಮ್ಮ ಮುಟ್ಟಿ ನೋಡ್ಯಾಳ,
ಆಕೀಗೆ ಗೊತ್ತಾಗದ್ದು ಇನ್ಯಾರಿಗೆ?" ಅಂತ ಓಣಿ ತುಂಬ ಸುದ್ದಿ.
ಸಂಜಿತನ ಹದಿನಾಕು ಬಾಟ್ಲಿ ಹೋದವು.
ರಸೀದಿ ಕೊಟ್ಟಿದ್ದ, ಅದರಾಗ ನಂಬರೂ ಇತ್ತು.
ಫೋನ್ ಹಚ್ಚಿದರ "ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ" ಅಂತ
ಒಬ್ಬಾಕಿ ಭಾಳ ಚಂದನ ಕನ್ನಡದಾಗ ಹೇಳತಾಳ.

ನಾಕನೇ ದಿನಕ್ಕ ಅಂಬಿಕಾನ ನೆತ್ತಿ ಬೊಬ್ಬಿ ಎದ್ದಿತು.
ಜಿಲ್ಲಾ ಆಸ್ಪತ್ರ್ಯಾಗ ಡಾಕ್ಟರು ಬಾಟ್ಲಿ ಮೂಸಿ
"ಏನೈತಿ ಇದರಾಗ?" ಅಂದರು. ಯಾರು ಹೇಳಬೇಕು?
ಚೀಟಿ ಮ್ಯಾಲ ಬರೇ ಎಲಿ ಚಿತ್ರ, ಊರಿನ ಹೆಸರಿಲ್ಲ.
ಗಾಳೆಮ್ಮ ಅವನಿಗೆ ಬೈದಳು, ಎಣ್ಣಿಗೆ ಬೈದಳು,
ತನಗೂ ಬೈಕೊಂಡಳು. ನನಗ ಬೈಲಿಲ್ಲ.
"ನಿನ್ನ ಬೆರಳಿಗೂ ಮೋಸ ಮಾಡಿದನಲ್ಲಬೇ" ಅಂದು
ನನ್ನ ಕೈನ ಸವರಿದಳು.

ಹೇಳಬೇಕು ಆಕೀಗೆ. ಮೂರು ವಾರ ಆತು.
ಹಲಗಿ ಮುಂದ ಇಬ್ಬರೂ ಕುಂತಾಗ ಬಾಯಿತನ ಬರತೈತಿ,
ಎಲ್ಲಿಂದ ಹಿಡೀಬೇಕಂತ ತಿಳೀವಲ್ದು.
ಆ ಹುಡುಗಿ ಕಿವಿ ಹಿಂದಿನ ಹುಣ್ಣಿಂದ ಹಿಡಿದರ ಜಾರತೈತಿ,
ಅಂಬಿಕಾನ ನೆತ್ತಿಯಿಂದ ಹಿಡಿದರ
ತಡೀತೈತಿ.